ಗುತ್ತಿಯ ನೀಲಿ, ನಮ್ಮನೆಯ ಜಾಂಬವ

ಡಬ್ಬಿಯ ಮೇಲಿನ ಚೀಟಿಯಲ್ಲಿ "ಗೂಟಿ ಸಫೈರ್" ಅಂತ ಬರೆದಿತ್ತು. ಮಾರುವವನು ಅದನ್ನು "ಗೂಡೀ" ಅಂದ. ಯಾವುದೋ ದಕ್ಷಿಣ ಅಮೆರಿಕದ ಕಾಡಿನ ಹೆಸರಿರಬೇಕು ಅಂದುಕೊಂಡು ಸುಮ್ನೆ ತಲೆಯಾಡಿಸಿದೆ. ಒಳಗೆ ಮರದ ತೊಗಟೆಗೆ ಒತ್ತಿಕೊಂಡು ಒಂದು ಜೇಡ ಕೂತಿತ್ತು. ಅಂಗೈಯಗಲ ಇತ್ತು. ಬಣ್ಣ ನೀಲಿ, ನವಿಲಿನ ಕತ್ತಿನ ನೀಲಿ. ಬೆನ್ನಿನ ಮೇಲೆ ಬಿಳಿ ಎಳೆಯ ರಂಗೋಲಿ, ಕಾಲಿನ ಗೆಣ್ಣುಗಳಲ್ಲಿ ಹಳದಿ.

"ಅಮ್ಮಾ, ಇದು ಇಂಡಿಯಾದ್ದಂತೆ" ಅಂದಳು ಮಗಳು.

ಆಗ ಚೀಟಿಯನ್ನು ಇನ್ನೊಂದು ಸಲ ಓದಿದೆ. ಗೂಟಿ. ಬಾಯಲ್ಲೇ ಎರಡು ಸಲ ಹೇಳಿಕೊಂಡೆ. ತಟ್ಟನೆ ಒಂದು ಹಳದಿ ಬೋರ್ಡು ಕಣ್ಣ ಮುಂದೆ ಬಂತು. ಪ್ಲಾಟ್‌ಫಾರಂ ತುದಿಯಲ್ಲಿ ಎರಡು ಕಾಲಿನ ಮೇಲೆ ನಿಂತ ಹಳದಿ ಬೋರ್ಡು, ಕಪ್ಪು ಅಕ್ಷರ. ಗುತ್ತಿ ಜಂಕ್ಷನ್!

ನಮ್ಮೂರು ಬಳ್ಳಾರಿ. ಅಪ್ಪ ರೈಲ್ವೇಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಾನು ಪ್ರೈಮರಿ ಶಾಲೆ ಓದಿದ್ದು ಗುಂತಕಲ್ಲಿನ ಕ್ವಾರ್ಟರ್ಸ್‌ನಲ್ಲಿದ್ದುಕೊಂಡು. ತಿರುಪತಿಗೆ ಹೊರಟರೆ ಗುಂತಕಲ್ ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಗುತ್ತಿ ಬರುತ್ತಿತ್ತು. ಗುಡ್ಡದ ಮೇಲಿನ ಕೋಟೆ ನೋಡಲು ನನಗೂ ತಮ್ಮನಿಗೂ ಕಿಟಕಿ ಸೀಟಿನ ಜಗಳ. ಕೋಟೆ ಬಿಟ್ಟರೆ ಬಿಸಿಲು, ಬಂಡೆ, ಶೇಂಗಾ ಹೊಲ. ಅಂಥ ಊರಿನ ಹೆಸರು ಹೊತ್ತ ನೀಲಿ ಜೇಡವನ್ನು ಅಮೆರಿಕದ ಅರಿಜೋನಾದ ಒಂದು ರೆಪ್ಟೈಲ್ ಎಕ್ಸ್‌ಪೋದಲ್ಲಿ (ಹಾವು, ಹಲ್ಲಿ, ಜೇಡ ಮಾರುವ ಮೇಳ) ನೋಡುತ್ತೇನೆ ಅಂತ ಯಾರಿಗೆ ಗೊತ್ತಿತ್ತು?

ತಗೋಬೇಕು ಅನ್ನಿಸಿತು. ಆ ಕ್ಷಣಕ್ಕೆ ಬೇರೆ ಯಾವ ಲೆಕ್ಕವೂ ತಲೆಗೆ ಬರಲಿಲ್ಲ. ನಮ್ಮೂರಿನ ಕಡೆಯದು, ಅಷ್ಟೇ.

"ಇದು ನಿಮ್ಮ ಮೊದಲನೇ ಟರಾಂಟುಲಾನಾ?" ಅಂತ ಮಾರುವವನು ಕೇಳಿದ. ಮೈತುಂಬ ರೋಮದ ಈ ದೊಡ್ಡ ಜೇಡಗಳಿಗೆ ಟರಾಂಟುಲಾ ಅನ್ನುತ್ತಾರೆ. ಹೌದು ಅಂದೆ. "ಹಾಗಾದ್ರೆ ನಾನು ಕೊಡಲ್ಲ" ಅಂದುಬಿಟ್ಟ. ದುಡ್ಡು ಬೇಡ ಅನ್ನುವ ವ್ಯಾಪಾರಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಷ್ಟಕ್ಕೂ ನಾವು ಅಲ್ಲಿಗೆ ಹೋದದ್ದು ಮಗಳಿಗೋಸ್ಕರ. ನಾವಿರುವುದು ಫೀನಿಕ್ಸ್ ಹತ್ತಿರದ ಚಾಂಡ್ಲರ್‌ನಲ್ಲಿ, ಬಾಡಿಗೆ ಮನೆ. ನಾಯಿ ಸಾಕುವಂತಿಲ್ಲ. ಬೆಕ್ಕಿನ ಕೂದಲು ಸೋಕಿದರೆ ನಮ್ಮ ಯಜಮಾನರಿಗೆ ಸೀನು ನಿಲ್ಲುವುದಿಲ್ಲ. ಮೀನು ಸಾಕಿ ಆಗಿತ್ತು. ಮಳೆಗಾಲದ ಒಂದು ಸಂಜೆ ಸೌತ್ ಮೌಂಟನ್ ಕಡೆ ಹೋಗಿದ್ದೆವು (ಅರಿಜೋನಾದಲ್ಲೂ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾನ್ಸೂನ್ ಇದೆ, ಹೆಸರೂ ಅದೇ, ಮಳೆ ಮಾತ್ರ ನಾಲ್ಕು ಹನಿ). ಕಾರಿನ ಬೆಳಕಿನಲ್ಲಿ ರಸ್ತೆ ದಾಟುತ್ತಿದ್ದ ಒಂದು ಕಪ್ಪು ಆಕೃತಿ ಕಂಡಿತು. ಕಾರು ನಿಲ್ಲಿಸಿದೆವು. ಎಂಟು ಕಾಲನ್ನೂ ಒಂದೊಂದಾಗಿ ಯೋಚಿಸಿ ಇಡುತ್ತಿದೆಯೇನೋ ಅನ್ನುವ ಹಾಗೆ ನಡೆಯುತ್ತಿತ್ತು. ಅವಸರ ಅನ್ನುವುದೇ ಇಲ್ಲ. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಮನೆಗೆ ಬಂದವಳೇ "ನನಗೆ ಅದು ಬೇಕು" ಅಂದಳು.

ಆ ರಾತ್ರಿಯಿಂದ ಶುರುವಾದ ಓದು ಆರು ತಿಂಗಳು ನಡೆಯಿತು. ನಿಜ ಹೇಳಬೇಕೆಂದರೆ ಮಗಳಿಗಿಂತ ನಾನೇ ಜಾಸ್ತಿ ಓದಿದೆ.

ಎಕ್ಸ್‌ಪೋದವನು ನೀಲಿಯನ್ನು ಕೊಡದೇ ಇದ್ದದ್ದಕ್ಕೆ ಕಾರಣ ಇತ್ತು. ಟರಾಂಟುಲಾ ಸಾಕುವವರು ಜಗತ್ತನ್ನು ಎರಡು ಭಾಗ ಮಾಡುತ್ತಾರೆ. ಅಮೆರಿಕ ಖಂಡಗಳದ್ದೆಲ್ಲ ನ್ಯೂ ವರ್ಲ್ಡ್. ಏಷ್ಯಾ, ಆಫ್ರಿಕಾದ್ದೆಲ್ಲ ಓಲ್ಡ್ ವರ್ಲ್ಡ್. ಹೊಸ ಜಗತ್ತಿನ ಬಹುಪಾಲು ಟರಾಂಟುಲಾಗಳ ಹೊಟ್ಟೆಯ ಮೇಲೆ ಸಣ್ಣ ಮುಳ್ಳುಗೂದಲು ಇರುತ್ತವೆ. ಹೆದರಿದರೆ ಹಿಂಗಾಲಿನಿಂದ ಆ ಕೂದಲು ಉಜ್ಜಿ ಗಾಳಿಗೆ ತೂರುತ್ತವೆ. ಮೈಗೆ ಬಿದ್ದರೆ ತುರಿಕೆ. ಕಂಬಳಿಹುಳ ಮುಟ್ಟಿದವರಿಗೆ, ಚಿಕ್ಕಂದಿನಲ್ಲಿ ನಸುಗುನ್ನಿ ಕಾಯಿಯ ಕೀಟಲೆಗೆ ಸಿಕ್ಕಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ಡಾಕ್ಟರ ಹತ್ತಿರ ಓಡಬೇಕು. ಇವು ಕಚ್ಚುವುದು ಕಡಿಮೆ, ಕಚ್ಚಿದರೂ ಜೇನುನೊಣದ ಮಟ್ಟದ್ದು.

ನಮ್ಮ ಕಡೆಯವಕ್ಕೆ ಆ ಕೂದಲಿಲ್ಲ. ಅವಕ್ಕಿರುವುದು ಎರಡೇ ದಾರಿ. ಒಂದು ಓಟ, ಇನ್ನೊಂದು ಹಲ್ಲು. ಗುತ್ತಿಯ ನೀಲಿ ಮರದ ಪೊಟರೆಯಲ್ಲಿ ಬದುಕುವ ಜೇಡ. ಡಬ್ಬಿಯ ಮುಚ್ಚಳ ತೆಗೆದ ಮೇಲೆ ಅದು ಎಲ್ಲಿದೆ ಅಂತ ನೋಡುವಷ್ಟರಲ್ಲಿ ನಿಮ್ಮ ಮೊಣಕೈ ಮೇಲಿರುತ್ತದೆ. ಈ ಕುಲದ ಜೇಡ ಕಚ್ಚಿಸಿಕೊಂಡವರಿಗೆ ದಿನಗಟ್ಟಲೆ ಸ್ನಾಯು ಸೆಳೆತ ಬಂದಿರುವ ವರದಿಗಳಿವೆ. ಕಡಿಮೆಯಾಯಿತು ಅಂದುಕೊಂಡ ಮೇಲೂ ಸೆಳೆತ ಮರುಕಳಿಸುವುದುಂಟು. ಹನ್ನೊಂದು ವರ್ಷದ ಹುಡುಗಿ ಇರುವ ಮನೆಗೆ ಊರಿನ ಅಭಿಮಾನ ಅಂತ ಇದನ್ನು ತರಲಿಕ್ಕಾಗುತ್ತದಾ?

ಆದರೂ ಅದರ ಕಥೆಯನ್ನು ಬಿಡಲಿಕ್ಕಾಗಲಿಲ್ಲ. 1899ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆರ್. ಐ. ಪೊಕಾಕ್ ಇದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಅಂತ ಹೆಸರಿಟ್ಟರು. ಅವರ ಕೈಗೆ ಬಂದ ಜೇಡ ಸಿಕ್ಕಿದ್ದು ಗುತ್ತಿಯ ರೈಲ್ವೇ ಟಿಂಬರ್ ಯಾರ್ಡಿನಲ್ಲಿ. ಆಮೇಲೆ ನೂರು ವರ್ಷ ಸುದ್ದಿಯಿಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ಗುತ್ತಿಯಲ್ಲಲ್ಲ, ಅಲ್ಲಿಂದ ಸುಮಾರು 100 ಕಿಲೋಮೀಟರ್ ಆಚೆ, ನಂದ್ಯಾಲಕ್ಕೂ ಗಿದ್ದಲೂರಿಗೂ ನಡುವಿನ ಕಾಡಿನಲ್ಲಿ. ಅಂದರೆ ಅದು ಗುತ್ತಿಯದೇ ಅಲ್ಲ! ಮರ ಕಡಿದು ರೈಲಿಗೆ ತುಂಬಿದಾಗ ಪೊಟರೆಯೊಳಗೆ ಕೂತು ಟಿಕೆಟ್ಟಿಲ್ಲದೆ ಬಂದಿಳಿದಿರಬೇಕು ಅನ್ನುವುದು ತಿಳಿದವರ ಊಹೆ. ಇಳಿದ ಸ್ಟೇಷನ್ನಿನ ಹೆಸರೇ ಅಂಟಿಕೊಂಡಿತು. ಅದರ ಕಾಡು ಈಗ ಉಳಿದಿರುವುದು 100 ಚದರ ಕಿಲೋಮೀಟರಿಗೂ ಕಡಿಮೆ. ಅದರಲ್ಲೂ ಸೌದೆಗೆ, ಮೋಪಿಗೆ ಹಳೆಯ ಮರಗಳು ಹೋಗುತ್ತಿವೆ. ಹಳೆಯ ಮರ ಇಲ್ಲದಿದ್ದರೆ ಪೊಟರೆ ಇಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ ಇದರ ಹೆಸರಿದೆ. 2019ರಿಂದ ಈ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪ್ರಕಾರ ಕಾಗದಪತ್ರ ಬೇಕು. ಇತ್ತ ಎಕ್ಸ್‌ಪೋದ ಮೇಜಿನ ಮೇಲೆ ಇಲ್ಲೇ ಮರಿ ಮಾಡಿಸಿದ್ದು ಹತ್ತಾರು, ಸಾಲಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಇವುಗಳ ಅಜ್ಜ ಅಜ್ಜಿ ಹೇಗೆ ದೇಶ ದಾಟಿ ಬಂದವು ಅಂತ ಕೇಳಿದೆ. ಆತ ನಕ್ಕ, ಉತ್ತರ ಕೊಡಲಿಲ್ಲ.

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲ ಜೇಡ ಯಾವುದಿರಲಿ ಅಂತ ಕೇಳಿದರೆ ಅನುಭವಸ್ಥರು ಬಣ್ಣ, ಗುಣ, ಬೆಲೆ ಹೇಳುತ್ತಾರೆ. ಎಲ್ಲಿಂದ ಬಂತು ಅನ್ನುವುದನ್ನು ನಾವೇ ಕೇಳಬೇಕು.

ರಸ್ತೆ ದಾಟುತ್ತಿದ್ದ ಆ ಕಪ್ಪು ಜೇಡದ ವಿಷಯಕ್ಕೆ ಬರುತ್ತೇನೆ. ಅದು ಅಫೊನೊಪೆಲ್ಮಾ ಕುಲದ ಗಂಡು, ಇಲ್ಲಿಯದೇ. ಇದರ ಹೆಣ್ಣಿಗೆ ಅರಿಜೋನಾ ಬ್ಲಾಂಡ್ ಅನ್ನುತ್ತಾರೆ, ಒಣ ಹುಲ್ಲಿನ ಬಣ್ಣ. ಹೆಣ್ಣು ಒಂದೇ ಬಿಲದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೂತಿರುತ್ತದೆ. ಗಂಡು ಎಂಟು ಹತ್ತು ವರ್ಷ ಬಿಲದಲ್ಲಿ ಬೆಳೆದು, ಕೊನೆಯ ಪೊರೆ ಬಿಟ್ಟ ಮೇಲೆ ಮಳೆಗಾಲದಲ್ಲಿ ಹೆಣ್ಣು ಹುಡುಕಿಕೊಂಡು ಹೊರಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಉಳಿದಿರುವುದು ಕೆಲವು ತಿಂಗಳು ಮಾತ್ರ. ದಾರಿಯಲ್ಲಿ ಕಾರಿನ ಚಕ್ರ ಇದೆ, ಟರಾಂಟುಲಾ ಹಾಕ್ ಅನ್ನುವ ಕಣಜ ಇದೆ. ಈ ಕಣಜ ಟರಾಂಟುಲಾವನ್ನು ಕುಟುಕಿ ಮರಗಟ್ಟಿಸಿ, ಗುಂಡಿಗೆ ಎಳೆದು, ಮೈಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರಿ ಹೊರಬಂದಾಗ ಜೇಡ ಇನ್ನೂ ಜೀವಂತ. ಟೂಸಾನ್‌ನಲ್ಲಿದ್ದ ಜಸ್ಟಿನ್ ಶ್ಮಿಟ್ ಎಂಬ ಕೀಟತಜ್ಞರು ತಮಗೆ ಕಚ್ಚಿದ ಹುಳಗಳ ನೋವಿಗೆಲ್ಲ ಅಂಕ ಕೊಟ್ಟವರು. ನಾಲ್ಕರವರೆಗಿನ ಆ ಅಳತೆಯಲ್ಲಿ ಈ ಕಣಜಕ್ಕೆ ನಾಲ್ಕು ಕೊಟ್ಟಿದ್ದರು. ಇಷ್ಟೆಲ್ಲ ದಾಟಿ ನಡೆಯುತ್ತಿದ್ದ ಗಂಡನ್ನು ಹಿಡಿದು ಡಬ್ಬಿಗೆ ಹಾಕಿದ್ದರೆ? ಮಗಳು ಇದನ್ನು ಓದಿದ ದಿನ "ಪಾಪ, ಅವನು ಹುಡುಗಿ ನೋಡೋಕೆ ಹೋಗ್ತಿದ್ದ" ಅಂದಳು.

ಹೆಣ್ಣು ಬ್ಲಾಂಡ್ ಮೊದಲ ಜೇಡಕ್ಕೆ ತುಂಬಾ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಶಾಂತ, ಗಟ್ಟಿ, ಒಣ ಹವೆಗೆ ಹೇಳಿಮಾಡಿಸಿದ್ದು. ತೊಡಕು ಒಂದೇ. ಬಹಳ ನಿಧಾನವಾಗಿ ಬೆಳೆಯುವುದರಿಂದ ಮರಿಯಿಂದ ಸಾಕಿ ಮಾರುವವರು ಕಡಿಮೆ. ಅಂಗಡಿಯಲ್ಲಿ ದೊಡ್ಡದು ಕಂಡರೆ, ಹೆಚ್ಚಾಗಿ ಅದು ಮರುಭೂಮಿಯಿಂದ ಅಗೆದು ತಂದದ್ದೇ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಹದಿನೈದು ವರ್ಷ ಕೂತಿದ್ದವಳನ್ನು ನಮ್ಮ ಹಾಲಿನಲ್ಲಿ ಕೂರಿಸುವುದು ನನಗೆ ಯಾಕೋ ಸರಿ ಕಾಣಲಿಲ್ಲ. ಅದನ್ನೂ ಕೈಬಿಟ್ಟೆವು.

ಮೆಕ್ಸಿಕೋದ ಕೆಂಪು ಮಂಡಿಯ ಜೇಡವನ್ನು ಎಲ್ಲರೂ ಚಿತ್ರದಲ್ಲಾದರೂ ನೋಡಿರುತ್ತೀರಿ. ಟರಾಂಟುಲಾ ಅಂದರೆ ಕಣ್ಣಿಗೆ ಬರುವುದೇ ಅದು. ತಮಾಷೆ ಅಂದರೆ ದಶಕಗಟ್ಟಲೆ ಅದನ್ನು ಬ್ರಾಕಿಪೆಲ್ಮಾ ಸ್ಮಿಥಿ ಅಂತ ಮಾರಿದರು. 2017ರಲ್ಲಿ ಸಂಶೋಧಕರು ಕೂತು ವಿಂಗಡಿಸಿದಾಗ, ಸಾಕುವವರ ಹತ್ತಿರ ಇದ್ದವುಗಳಲ್ಲಿ ಹೆಚ್ಚಿನವು ಅದರ ನೆರೆಯ ಜಾತಿ ಹ್ಯಾಮೊರಿ ಅಂತ ಗೊತ್ತಾಯಿತು. ಅಷ್ಟು ವರ್ಷ ಸಾಕಿದವರಿಗೆ ತಮ್ಮ ಜೇಡದ ಹೆಸರೇ ಗೊತ್ತಿರಲಿಲ್ಲ. ಇದೂ ಒಳ್ಳೆಯ ಆಯ್ಕೆಯೇ. ಆದರೆ ಕೂದಲು ತೂರುವುದರಲ್ಲಿ ಧಾರಾಳ, ಬೆಲೆಯೂ ಹೆಚ್ಚು. ಚಿಲಿಯ ರೋಸ್ ಜೇಡ ಹಿಂದೆ ತುಂಬಾ ಅಗ್ಗಕ್ಕೆ ಸಿಗುತ್ತಿತ್ತಂತೆ, ಯಾಕೆಂದರೆ ಸಾವಿರಗಟ್ಟಲೆ ಕಾಡಿನಿಂದ ಹಿಡಿದು ತರುತ್ತಿದ್ದರು. ಅದಕ್ಕೆ ಒಂದು ವರ್ಷ ಊಟ ಬಿಡುವ ಅಭ್ಯಾಸ ಬೇರೆ ಇದೆ. ಮಗುವಿನ ಮೊದಲ ಜೇಡ ವರ್ಷವಿಡೀ ಉಪವಾಸ ಕೂತರೆ ಮನೆಯಲ್ಲಿ ಯಾರಿಗೆ ನಿದ್ದೆ ಬರುತ್ತದೆ?

ಕೊನೆಗೆ ಬಂದದ್ದು ಯಾರೂ ಎರಡನೇ ಸಲ ತಿರುಗಿ ನೋಡದ ಒಂದು ಕಂದು ಜೇಡ. ಮಧ್ಯ ಅಮೆರಿಕದ ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯದು. ಮೈತುಂಬ ಉದ್ದ ಗುಂಗುರು ಕೂದಲು, ಅದಕ್ಕೇ ಕರ್ಲಿ ಹೇರ್ ಅಂತ ಹೆಸರು. ಶಾಸ್ತ್ರದ ಹೆಸರು ಟ್ಲಿಲ್ಟೊಕಾಟ್ಲ್ ಆಲ್ಬೊಪಿಲೋಸಸ್. ಮೊದಲ ಪದ ಮೆಕ್ಸಿಕೋದ ನಾವಾಟ್ಲ್ ಭಾಷೆಯದು, ಕಪ್ಪು ಜೇಡ ಅಂತ ಅರ್ಥ. ಹೇಳುವಾಗ ನಾಲಿಗೆ ಹೊರಳುವುದಿಲ್ಲ. ಸಾಕಿದವರ ಮನೆಗಳಲ್ಲೇ ಸಲೀಸಾಗಿ ಮರಿ ಮಾಡುತ್ತದೆ, ಹಾಗಾಗಿ ಕಾಡಿಗೆ ಕೈ ಹಾಕಬೇಕಾಗಿಲ್ಲ. ಮರಿ ಮಾಡಿಸಿದವರ ಹತ್ತಿರವೇ ಕೊಂಡೆವು. ಐದು ರೂಪಾಯಿ ನಾಣ್ಯದಷ್ಟಿತ್ತು, 25 ಡಾಲರ್. ಗಂಡೋ ಹೆಣ್ಣೋ ಆ ವಯಸ್ಸಿನಲ್ಲಿ ಹೇಳಲಿಕ್ಕಾಗುವುದಿಲ್ಲ. ಅದು ಲಾಟರಿ. ಗಂಡಾದರೆ ದೊಡ್ಡದಾದ ಸ್ವಲ್ಪ ಕಾಲಕ್ಕೆ ಮುಗಿಯುತ್ತದೆ. ಹೆಣ್ಣಾದರೆ ಇಪ್ಪತ್ತು ವರ್ಷ.

ಕರಡಿಯ ಹಾಗೆ ರೋಮ ಇದ್ದದ್ದಕ್ಕೆ ಮಗಳು ಜಾಂಬವ ಅಂತ ಹೆಸರಿಟ್ಟಳು.

ಮನೆ ಸಿದ್ಧಮಾಡುವ ದಿನ ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಅವರದು ತಿಪಟೂರಿನ ಪಕ್ಕದ ಹಳ್ಳಿ, ತೆಂಗಿನ ತೋಟದವರು. ಜೇಡದ ಡಬ್ಬಿಗೆ ಹಾಸಲು ನಾನು ಒಂದು ಇಟ್ಟಿಗೆ ತಂದಿದ್ದೆ, ಒತ್ತಿ ಒಣಗಿಸಿದ ತೆಂಗಿನ ನಾರಿನ ಪುಡಿ. ಬಕೆಟ್ಟಿನಲ್ಲಿ ಬಿಸಿನೀರು ಸುರಿದಾಗ ಅದು ಉಬ್ಬಿ ಉಬ್ಬಿ ಬಕೆಟ್ಟು ತುಂಬಿತು. ಹಸಿಮಣ್ಣು, ಹಳೆ ಮಟ್ಟೆ, ಮಳೆ ಬಿದ್ದ ತೋಟ ಎಲ್ಲ ಸೇರಿದ ಒಂದು ವಾಸನೆ ಅಡುಗೆಮನೆಯೆಲ್ಲ ಹರಡಿತು. ಅವರು ಕಂಪ್ಯೂಟರ್ ಬಿಟ್ಟು ಎದ್ದು ಬಂದರು. ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು. ಕವರಿನ ಮೇಲೆ ಪ್ರಾಡಕ್ಟ್ ಆಫ್ ಇಂಡಿಯಾ ಅಂತಿತ್ತು.

"ನಮ್ಮಲ್ಲಿ ಮಟ್ಟೆ ಸುಲಿದ ಮೇಲೆ ರಾಶಿ ರಾಶಿ ಬಿದ್ದಿರುತ್ತೆ ಕಣೇ ಇದು. ಇದಕ್ಕೆ ದುಡ್ಡು ಕೊಟ್ಯಾ?"

"ಹನ್ನೆರಡು ಡಾಲರ್."

ಅವರು ರೂಪಾಯಿಗೆ ಲೆಕ್ಕ ಹಾಕುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆದರೆ ಆ ಹಿಡಿ ಪುಡಿಯನ್ನು ಬಕೆಟ್ಟಿಗೆ ವಾಪಸು ಹಾಕಲಿಲ್ಲ, ಕೈಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಡಬ್ಬಿಯಲ್ಲಿ ಪುಡಿ ಒತ್ತಿ ಮಟ್ಟಮಾಡಿದ್ದೂ ಅವರೇ. ನೆಲದ ಜೇಡಕ್ಕೆ ಎತ್ತರದ ಡಬ್ಬಿ ಕೂಡದು, ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಹಾಗಾಗಿ ಪುಡಿಯನ್ನೇ ಎತ್ತರಕ್ಕೆ ತುಂಬಬೇಕು. ಒಂದು ಮೂಲೆಗೆ ತೊಗಟೆ, ಇನ್ನೊಂದು ಮೂಲೆಗೆ ನೀರಿನ ಮುಚ್ಚಳ. ಜಾಂಬವನನ್ನು ಬಿಟ್ಟ ರಾತ್ರಿಯೇ ಅವನು ಆ ಮಟ್ಟಸವನ್ನೆಲ್ಲ ಅಗೆದು ನೀರಿನ ಮುಚ್ಚಳದೊಳಗೆ ಸುರಿದಿದ್ದ.

ಊಟದ ವಿಷಯ ಅಷ್ಟು ಸುಲಭ ಆಗಲಿಲ್ಲ. ನಮ್ಮದು ಮೊಟ್ಟೆಯನ್ನೂ ತರದ ಮನೆ. ಅದಕ್ಕೆ ಜೀವಂತ ಕ್ರಿಕೆಟ್ ಹುಳ ತರಬೇಕು. ಮೊದಲ ಸಲ ಹಾಕುವಾಗ ನನ್ನ ಕೈ ನಡುಗಿತು. ಹುಳ ಎರಡು ಹೆಜ್ಜೆ ಇಟ್ಟಿತು, ಮೂರನೆಯದು ಇಡಲಿಲ್ಲ. ಸದ್ದೇ ಇಲ್ಲ. ನಾನು ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಈಗ ಅಭ್ಯಾಸವಾಗಿದೆ ಅಂತ ಹೇಳಬಲ್ಲೆ, ಸರಿ ಅಂತ ಹೇಳಲಾರೆ. ಮಿಕ್ಕ ಹುಳಗಳು ರಾತ್ರಿಯೆಲ್ಲ ಜೀರ್ ಅನ್ನುತ್ತವೆ. "ತೋಟದ ಮನೇಲಿ ಮಲಗಿದಂಗಿದೆ" ಅನ್ನುತ್ತಾರೆ ನಮ್ಮವರು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಗುಳ್ಳೆ ಏಳ್ತಾವ, ಹುಷಾರು" ಅಂದರು. ಅಪ್ಪ ಹಿಂದಿನಿಂದ, "ಯಾಕವ್ವಾ, ಅಲ್ಲಿ ನಾಯಿ ಸಿಗಲ್ಲೇನು?" ಅಂದರು. ನಮ್ಮತ್ತೆ ಆರು ತಿಂಗಳಿಗೆ ಬಂದವರು ಮೊದಲ ವಾರ ಆ ರೂಮಿಗೇ ಕಾಲಿಡಲಿಲ್ಲ. ಎರಡನೇ ತಿಂಗಳಿಗೆ ಬೆಳಗ್ಗೆ ಕಾಫಿ ಹಿಡಿದುಕೊಂಡು ಡಬ್ಬಿಯ ಮುಂದೆ ಕೂತು "ಇವನು ಹಂದಾಡೋದೇ ಇಲ್ವಲ್ಲ" ಅನ್ನುತ್ತಿದ್ದರು. ಅದು ನಿಜ. ಟರಾಂಟುಲಾ ಏನೂ ಮಾಡುವುದಿಲ್ಲ. ನಿಮ್ಮನ್ನು ಗುರುತಿಸುವುದಿಲ್ಲ. ಮುಟ್ಟಿದರೆ ಅದಕ್ಕೆ ಕಿರಿಕಿರಿಯೇ ಹೊರತು ಖುಷಿಯಿಲ್ಲ. ಕೈಮೇಲೆ ಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ಜೇಡಕ್ಕಲ್ಲ, ಅವರಿಗೆ.

ಹೋದ ವರ್ಷ ಅವನು ಊಟ ಬಿಟ್ಟ. ಹೊಟ್ಟೆಯ ಬೋಳು ಜಾಗ ಕಪ್ಪಾಯಿತು. ಐದನೇ ವಾರ ಒಂದು ಬೆಳಗ್ಗೆ ಮಗಳು ಕಿರುಚಿದಳು. ಜಾಂಬವ ಅಂಗಾತ ಬಿದ್ದಿದ್ದ, ಎಂಟು ಕಾಲೂ ಮೇಲೆ. ಗೊತ್ತಿಲ್ಲದವರು ಸತ್ತಿದೆ ಅಂತ ಇಲ್ಲೇ ಎಸೆದುಬಿಡುತ್ತಾರೆ. ಸತ್ತ ಜೇಡ ಕಾಲು ಮಡಚಿಕೊಂಡು ಬೋರಲು ಇರುತ್ತದೆ. ಅಂಗಾತ ಮಲಗಿದ್ದರೆ ಪೊರೆ ಬಿಡುತ್ತಿದೆ ಅಂತ. ನಾವು ಮೂವರೂ ಉಸಿರಾಡಲೂ ಹೆದರಿ ಕೂತೆವು. ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಂಡಿತು. ಆಮೇಲೆ ಗಂಟೆಗಟ್ಟಲೆ, ಬಿಗಿ ಕೈಗವಸು ಕಳಚುವ ಹಾಗೆ, ಒಂದೊಂದೇ ಕಾಲು ತನ್ನದೇ ಹಳೆಯ ಕಾಲಿನೊಳಗಿಂದ ಹೊರಬಂತು. ಹೊಸ ಹಲ್ಲು ಹಾಲಿನಷ್ಟು ಬಿಳುಪು. ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಊಟ ಹಾಕಬಾರದು, ಹುಳವೇ ಅದನ್ನು ಕಚ್ಚೀತು.

ಬಿಟ್ಟ ಪೊರೆಯನ್ನು ಬಟ್ಟಲಲ್ಲಿ ನೆನೆಹಾಕಿದೆವು, ಪಾತ್ರೆ ಸೋಪಿನ ಒಂದು ಹನಿ ಹಾಕಿ. ಅದು ಒದ್ದೆ ಟಿಶ್ಯೂ ಪೇಪರಿನಂತಾಯಿತು. ಮಗಳು ಎರಡು ಹಲ್ಲುಕಡ್ಡಿ ಹಿಡಿದು ಹೊಟ್ಟೆಯ ಭಾಗವನ್ನು ಬಿಡಿಸಿದಳು. ಮುಂದಿನ ಜೋಡಿ ಶ್ವಾಸಪುಟಗಳು ಬಿಳಿ ಮಚ್ಚೆಯಂತೆ ಕಾಣುತ್ತವೆ. ಅವುಗಳ ನಡುವೆ ಬಟ್ಟೆಗೆ ಹೊಲಿದ ಸಣ್ಣ ಜೇಬಿನಂಥ ಒಂದು ಪದರ ಎದ್ದು ನಿಂತಿದ್ದರೆ ಹೆಣ್ಣು. ಫೋನಿಗೆ ಲೆನ್ಸ್ ಸಿಕ್ಕಿಸಿ ನೋಡಿದೆವು. ಜೇಬು ಇತ್ತು.

"ಜಾಂಬವತಿ!" ಅಂದಳು ಮಗಳು.

ನಾನು ಲೆಕ್ಕ ಹಾಕಿದೆ. ನನಗೀಗ 44. ಮಗಳು ಇನ್ನು ನಾಲ್ಕು ವರ್ಷಕ್ಕೆ ಕಾಲೇಜಿಗೆ ಹೋಗುತ್ತಾಳೆ, ಜೇಡ ಹೋಗುವುದಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ತಿರುಪತಿಗೆ ಹೊರಟೆ. ಗುತ್ತಿಯಲ್ಲಿ ರೈಲು ನಿಂತಿತು. ಕಿಟಕಿಯ ಸೀಟು ಈ ಸಲ ನನ್ನದೇ. ಅಪ್ಪನಿಗೆ ನೀಲಿ ಜೇಡದ ಫೋಟೋ ತೋರಿಸಿ ಕಥೆಯೆಲ್ಲ ಹೇಳಿದೆ. ಅವರು ಕನ್ನಡಕ ಮೇಲೆತ್ತಿ, ಫೋನನ್ನು ದೂರ ಹಿಡಿದು ನೋಡಿದರು.

"ಮರದ ಸ್ಲೀಪರ್ ಇದ್ದಾಗ ಸಂದ್ಯಾಗ ಚೇಳು ಭಾಳ ಇರ್ತಿದ್ವು. ಒಂದ್ಸಲ ನಾಗರಹಾವೂ ಬಂದಿತ್ತು. ಇಂಥದ್ದು ನೋಡಿಲ್ಲವ್ವಾ." ಹಳಿಯ ಕಡೆ ಕೈ ತೋರಿಸಿದರು. "ಈಗ ಎಲ್ಲಾ ಸಿಮೆಂಟಿನವು."

ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ನೀನಿಲ್ಲಿದ್ದೀ, ಅಲ್ಲಿ ಅದಕ್ಕೆ ಊಟ ಯಾರು ಹಾಕ್ತಾರ?" ಅಂದರು.

"ಒಂದು ತಿಂಗಳು ಹಾಕದಿದ್ರೂ ನಡೀತದಪ್ಪಾ. ನೀರಿಟ್ಟು ಬಂದೀನಿ."

"ಹಂಗಾರ ಚಲೋ ಪ್ರಾಣಿ" ಅಂದರು ಅಪ್ಪ.

ಪ್ಲಾಟ್‌ಫಾರಂ ಮುಗಿಯುವ ಕಡೆ ಒಂದು ಹಳೇ ಹುಣಸೆಮರ ಇತ್ತು. ಅಪ್ಪನೇ ಮೊದಲು ನೋಡಿದ್ದು. "ಅಗೋ, ಅಲ್ಲೊಂದು ಪೊಟರೆ ಐತಿ" ಅಂತ ನನ್ನ ಭುಜ ತಟ್ಟಿದರು. ರೈಲು ಹೊರಟಿತು. ಇಬ್ಬರೂ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆವು. ಪೊಟರೆಯಿಂದ ಒಂದು ಗಿಳಿ ತಲೆ ಹೊರಗೆ ಹಾಕಿತು.